ಅರವತ್ತಕ್ಕೆ ಒಂದು ಕಡಿಮೆ

ಸ್ಯಾನ್ ಫ್ರಾನ್ಸಿಸ್ಕೋ
23 ಫೆಬ್ರವರಿ 2025

ಶಿವರಾಮು ಸರ್,

ನಮಸ್ಕಾರ. ನಾನು ಬಿಂದುಶ್ರೀ, ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನಲ್ಲಿ ನಿಮ್ಮ ವಿಸಲ್ಲಿಗೆ ಹೆದರಿ ಓಡುತ್ತಿದ್ದವಳು. ಕೈಬರಹದ ಕಾಗದ ಕಂಡು ಗಾಬರಿಯಾಗಬೇಡಿ, ಆರೋಗ್ಯವಾಗಿದ್ದೇನೆ. ಫೋನು ಮಾಡೋಣವೆಂದರೆ ನಿಮ್ಮ ಮನೆಯಲ್ಲಿ ಮೇಡಂ ಸ್ಪೀಕರಿಗೆ ಹಾಕುತ್ತಾರೆ, ಅರ್ಧ ಸುಭಾಷ್ ನಗರ ಕೇಳಿಸಿಕೊಳ್ಳುತ್ತದೆ. ಅಲ್ಲದೆ ನನ್ನ ಫೋನು ಈಗ ನನ್ನದಲ್ಲ. ನಮ್ಮ ತಂಡದ ಗುಟ್ಟೊಂದು ಪೇಪರಿನವರಿಗೆ ಸಿಕ್ಕಿತು. ಅಂದಿನಿಂದ ಆಫೀಸಿನಲ್ಲಿ ವಕೀಲರು ಕೂತು, ಆಟಗಾರರ ಕರಾರು ನೋಡುವ ನಮ್ಮೆಲ್ಲರ ಫೋನು, ಈಮೇಲು ಜಾಲಾಡುತ್ತಿದ್ದಾರೆ. ಕನ್ನಡದ ಕಾಗದ ಓದಬಲ್ಲವರು ಆ ಕಟ್ಟಡದಲ್ಲಿ ನನ್ನನ್ನು ಬಿಟ್ಟರೆ ಒಬ್ಬರೇ. ಅವರ ವಿಷಯಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಏನೆಂದು ನಿಮಗೆ ಸರಿಯಾಗಿ ಹೇಳಿಯೇ ಇಲ್ಲ. ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಕಂಪ್ಯೂಟರ್ ಕೆಲಸ ಎಂದು ಅಪ್ಪ ಊರಿಗೆಲ್ಲ ಹೇಳಿದ್ದನ್ನೇ ನೀವೂ ನಂಬಿರಬೇಕು. ತಂಡದ ಹೆಸರು ಬೇ ಹೆರನ್ಸ್. ಅಂಗಿಯ ಮೇಲೊಂದು ಕೊಕ್ಕರೆ, ಥೇಟ್ ನಮ್ಮ ಕೊಕ್ಕರೆ ಬೆಳ್ಳೂರಿನದು. ಒಂದು ತಂಡ ತನ್ನ ಆಟಗಾರರಿಗೆಲ್ಲ ಸೇರಿ ಇಷ್ಟೇ ಸಂಬಳ ಕೊಡಬೇಕು ಅಂತ ಇಲ್ಲಿನ ಲೀಗು ಗೆರೆ ಎಳೆದಿದೆ. ದಾಟಿದರೆ ದಂಡ, ಜೊತೆಗೆ ಹೊಸಬರನ್ನು ತರುವ ದಾರಿಗಳೂ ಒಂದೊಂದಾಗಿ ಬಂದ್. ಯಾರ ಆಟ ಅವನ ಸಂಬಳಕ್ಕೆ ತಕ್ಕಂತಿದೆ, ಯಾರನ್ನು ಬಿಟ್ಟರೆ ಗೆರೆಯ ಒಳಗೆ ಉಳಿಯುತ್ತೇವೆ ಎಂದು ಲೆಕ್ಕ ಹಾಕುವವಳು ನಾನು. ನನ್ನ ಮೇಲಿನವರು ಶೇಷಾದ್ರಿ, ಹಾಸನದ ಕಡೆಯವರು. ಕೆಲಸ ಕೊಡಿಸಿದವರೂ ಅವರೇ. ಮೀಟಿಂಗಿನಲ್ಲಿ ಇಂಗ್ಲಿಷು, ಕಾರಿಡಾರಿನಲ್ಲಿ ಕನ್ನಡ. ಬರವಣಿಗೆಯಲ್ಲಿ ಉಳಿಯಬಾರದ ಮಾತುಗಳೆಲ್ಲ ಅವರ ಬಾಯಲ್ಲಿ ಕನ್ನಡದಲ್ಲೇ ಬರುತ್ತವೆ ಅಂತ ಈಚೆಗೆ ಗಮನಿಸಿದ್ದೇನೆ.

ವಿಷಯ ಇಷ್ಟು. ಬ್ರೂಕ್‌ವೆಲ್ ಅಂತ ಒಬ್ಬ ಆಟಗಾರ ಇದ್ದಾನೆ, ಮೂವತ್ನಾಲ್ಕು, ನನ್ನದೇ ವಯಸ್ಸು. ಈ ವರ್ಷ ಅರವತ್ತು ಪಂದ್ಯ ಆಡಿದರೆ ಮುಂದಿನ ವರ್ಷದ ಹದಿನಾಲ್ಕು ಮಿಲಿಯನ್ ಡಾಲರ್ ಸಂಬಳ ಖಾತ್ರಿ ಎಂದು ಅವನ ಕರಾರಿನಲ್ಲಿದೆ. ಒಂದು ಪಂದ್ಯ ಕಡಿಮೆಯಾದರೂ ಬಿಡಿಗಾಸು ಕೊಡದೆ ಮನೆಗೆ ಕಳಿಸಬಹುದು. ಅವನ ಆಟ ಈಗ ಹದಿನಾಲ್ಕಕ್ಕೆ ಬಾಳುವುದಿಲ್ಲ, ಒಂಬತ್ತಕ್ಕೆ ಬಾಳುತ್ತದೆ ಎಂದು ನಾನೇ ಬರೆದುಕೊಟ್ಟಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಐವತ್ನಾಲ್ಕು ಪಂದ್ಯ ಆಡಿದ್ದ. ಈ ತಿಂಗಳ ಹನ್ನೆರಡಕ್ಕೆ ಮೊಣಕಾಲು ನೋವು ಅಂತ ಕೂರಿಸಿದರು. ಮೊನ್ನೆ ಎಲ್ಲರೂ ಬಳಸುವ ಫೋಲ್ಡರಿನಲ್ಲಿ ಮುಂದಿನ ವರ್ಷದ ಸಂಬಳದ ಹಾಳೆಯೊಂದು ಕಣ್ಣಿಗೆ ಬಿತ್ತು. ಬ್ರೂಕ್‌ವೆಲ್ ಹೆಸರಿನ ಮುಂದೆ ಸೊನ್ನೆ. ಹಾಳೆಯ ತಾರೀಖು ಜನವರಿ ಹದಿನಾಲ್ಕು, ಮೂಲೆಯಲ್ಲಿ ಶೇಷಾದ್ರಿಯವರ ಇನಿಷಿಯಲ್ಲು. ನೋವು ಬರುವುದಕ್ಕೆ ಒಂದು ತಿಂಗಳು ಮುಂಚೆಯೇ ಸೊನ್ನೆ ಹೇಗೆ ಬಂತು, ಸರ್?

ನೀವು ನಲವತ್ತು ವರ್ಷ ಮೊಣಕಾಲುಗಳನ್ನು ನೋಡಿದವರು. ನಿಜವಾದ ನೋವನ್ನೂ ಬರೆದ ನೋವನ್ನೂ ಹೇಗೆ ಬೇರೆ ಮಾಡುತ್ತೀರಿ? ಅದಷ್ಟು ತಿಳಿಸಿ. ಮನೆ ವಿಳಾಸ ಕೆಳಗೆ ಬರೆದಿದ್ದೇನೆ. ದಯವಿಟ್ಟು ಅದಕ್ಕೇ ಬರೆಯಿರಿ, ಆಫೀಸಿಗೆ ಬೇಡ.

ನಿಮ್ಮ
ಬಿಂದುಶ್ರೀ


ಮಂಡ್ಯ
8 ಮಾರ್ಚ್ 2025

ಚಿ. ಬಿಂದುವಿಗೆ,

ಕಾಗದ ನಿನ್ನೆ ಕೈ ಸೇರಿತು. ಕ್ಷೇಮ ಸಮಾಚಾರ ಬರೆಯಲೇಬೇಕು ಅನ್ನುತ್ತಾಳೆ ನಿಮ್ಮ ಮೇಡಂ. ಕ್ಷೇಮ. ಬಿ.ಪಿ. ಮಾತ್ರೆ ಒಂದಿದ್ದದ್ದು ಎರಡಾಗಿದೆ. ಬೆಳಿಗ್ಗೆ ಕ್ಲಬ್ಬಿನ ಕೋರ್ಟಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತೇನೆ, ವಿಸಲ್ಲು ಈಗ ಕೆಂಪಮ್ಮನ ಕೈಯಲ್ಲಿದೆ. ನಿನ್ನ ಜೊತೆ ಆಡಿದ ಕೆಂಪಮ್ಮನೇ. ರೈಲ್ವೆ ಡ್ಯೂಟಿಗೆ ಮುಂಚೆ ಬಂದು ಇಪ್ಪತ್ತು ಹುಡುಗಿಯರನ್ನು ಓಡಿಸುತ್ತಾಳೆ. ನನಗಿಂತ ಜೋರು.

ಮೊಣಕಾಲಿನ ವಿಷಯಕ್ಕೆ ಆಟ ನೋಡಬೇಡ. ಆಟದಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ. ನೋವಿದ್ದವನು ಇಲ್ಲವೆಂದು ಹಾರುತ್ತಾನೆ, ಇಲ್ಲದವನು ಕುಂಟುತ್ತಾನೆ. ಮೆಟ್ಟಿಲು ಇಳಿಯುವಾಗ ನೋಡು. ಹತ್ತುವುದು ಹೇಗಾದರೂ ಆಗುತ್ತದೆ, ಮೊಣಕಾಲು ಕೆಟ್ಟವನು ಇಳಿಯುವಾಗ ಮಾತ್ರ ಕಂಬಿ ಹುಡುಕುತ್ತಾನೆ. ತನ್ನನ್ನು ಯಾರೂ ನೋಡುತ್ತಿಲ್ಲ ಅಂದುಕೊಂಡಿರುವ ಹೊತ್ತಿನಲ್ಲಿ ನೋಡಬೇಕು.

ಆದರೆ ಒಂದು ಮಾತು. ಇಷ್ಟು ತಿಳಿಯಲು ನಿನಗೆ ನಾನು ಬೇಕಿರಲಿಲ್ಲ. ನಿಮ್ಮ ಊರಿನಲ್ಲಿ ಹೆಜ್ಜೆಗೊಬ್ಬ ಮೂಳೆ ಡಾಕ್ಟರು ಇದ್ದಾರೆ. "ಬರೆದ ನೋವು" ಅಂದಿದ್ದೀಯಲ್ಲ, ಅದನ್ನು ಎರಡು ಸಲ ಓದಿದೆ. ಬ್ರೂಕ್‌ವೆಲ್ಲನ್ನು ಮುಂದೆ ಬಿಟ್ಟುಕೊಂಡು ನನ್ನಿಂದ ಬೇರೇನೋ ಹೊರಡಿಸಲು ಹೊರಟಿದ್ದೀಯ ಅಂತ ನನ್ನ ಅನುಮಾನ. ಹಳೆಯದನ್ನು ಕೆದಕುವುದಾದರೆ ನೇರವಾಗಿ ಕೆದಕು. ಸುತ್ತು ಬಳಸಿ ಬರುವುದನ್ನು ನಾನು ನಿನಗೆ ಕಲಿಸಿರಲಿಲ್ಲ.

ಆ ಶೇಷಾದ್ರಿಯವರ ವಿಷಯದಲ್ಲಿ ಜಾಗ್ರತೆ. ನಗುತ್ತಾ ಕೆಲಸ ಕೊಡಿಸಿದವರು ನಗುತ್ತಾ ತೆಗೆಯಲೂ ಬಲ್ಲರು.

ಶಿವರಾಮು


ಸ್ಯಾನ್ ಫ್ರಾನ್ಸಿಸ್ಕೋ
21 ಮಾರ್ಚ್ 2025

ಸರ್,

ನಿಮ್ಮ ಕಾಗದ ಆಫೀಸಿಗೆ ಬಂತು. ಬೇಡ ಎಂದು ಅಷ್ಟು ಕೇಳಿಕೊಂಡಿದ್ದೆನಲ್ಲ? ಅದನ್ನು ತಂದು ನನ್ನ ಮೇಜಿನ ಮೇಲಿಟ್ಟವರು ಸ್ವತಃ ಶೇಷಾದ್ರಿ. "ಮಂಡ್ಯದಿಂದ ಕಾಗದ ಬಂದಿದೆ ನೋಡು ಬಿಂದು. ಈ ಕಾಲದಲ್ಲೂ ಕೈಯಲ್ಲಿ ಬರೆಯೋರು ಇದ್ದಾರಲ್ಲ" ಎಂದು ನಕ್ಕು ಹೋದರು. ಲಕೋಟೆಯ ಬಾಯಿ ಹರಿದಿತ್ತು. ಅದರ ಮೇಲೆ ನೀಟಾಗಿ ಟೇಪು ಅಂಟಿಸಿತ್ತು. ಒಳಗೆ ನೀವು ಅವರ ಬಗ್ಗೆ ಜಾಗ್ರತೆ ಅಂತ ಬರೆದದ್ದು. ಯಾರು ತೆರೆದರು ಅಂತ ಇನ್ನು ಪತ್ತೇದಾರರನ್ನು ಕರೆಸಬೇಕೇ?

ಆ ದಿನದಿಂದ ನನ್ನನ್ನು ಎರಡು ಮೀಟಿಂಗಿಗೆ ಕರೆದಿಲ್ಲ. ಬ್ರೂಕ್‌ವೆಲ್ ಹೆಸರೆತ್ತಿದರೆ ಆಮೇಲೆ ಮಾತಾಡೋಣ ಅನ್ನುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ನೀವು ಹೇಳಿದಂತೆ ಮಾಡಿದೆ. ಅಭ್ಯಾಸದ ಕಟ್ಟಡದ ಹಿಂದಿನ ಮೆಟ್ಟಿಲ ಹತ್ತಿರ ಮೂರು ದಿನ ಕಾಫಿ ಲೋಟ ಹಿಡಿದು ನಿಂತೆ. ಮೂರನೇ ದಿನ ಬ್ರೂಕ್‌ವೆಲ್ ಬಂದ, ಹೆಗಲ ಮೇಲೆ ನಾಲ್ಕು ವರ್ಷದ ಮಗಳು. ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದ, ಮಗು ಕೇಕೆ ಹಾಕುತ್ತಿತ್ತು. ಕಂಬಿಯ ಕಡೆ ಅವನ ಕೈ ಹೋಗಲೇ ಇಲ್ಲ. ಕಣ್ಣೊರೆಸುವುದಕ್ಕೆ ಈ ತಿಂಗಳು ಮೂರು ಪಂದ್ಯ ಆಡಿಸಿದ್ದಾರೆ, ಈಗ ಐವತ್ತೇಳು. ಸೋಮವಾರ ನಾನು ವಕೀಲರ ಹತ್ತಿರ ಹೋಗುತ್ತೇನೆ. ಸೊನ್ನೆಯ ಹಾಳೆ ಶೇಷಾದ್ರಿಯವರದು, ನನಗೆ ಬಂದ ಕಾಗದವನ್ನೂ ಅವರು ತೆರೆದು ಓದುತ್ತಾರೆ ಎಂದು ಹೇಳುತ್ತೇನೆ.

ಇನ್ನು, ನೇರವಾಗಿ ಕೆದಕು ಅಂದಿರಿ. 2007ರ ಡಿಸೆಂಬರು. ಕ್ಲಬ್ಬಿನ ತಂಡ ಹೈದರಾಬಾದಿನ ಟೂರ್ನಮೆಂಟಿಗೆ ಹೊರಟಿತ್ತು, ಕೆಲಸಕ್ಕೆ ಹುಡುಗಿಯರನ್ನು ಆರಿಸಲು ರೈಲ್ವೆಯವರು ಅಲ್ಲಿಗೆ ಬರುವವರಿದ್ದರು. ನೀವು ಎಂದಿನಂತೆ ಪಟ್ಟಿಯನ್ನು ಕೈಯಾರೆ ಬರೆದು, ಶೆಡ್ಡಿನ ಗೋಡೆಗೆ ಅಂಟಿಸಿ, ಯಾರ ಮುಖವನ್ನೂ ನೋಡದೆ ಸೈಕಲ್ ಹತ್ತಿ ಹೋದಿರಿ. ಹನ್ನೆರಡು ಹೆಸರು, ಕೆಳಗೆ ಒಂದು ಸಾಲು: ಬಿಂದುಶ್ರೀ, ಮೊಣಕಾಲು ನೋವಿನ ಕಾರಣ ಕೈಬಿಡಲಾಗಿದೆ. ಆ ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡಿನಿಂದ ಕೋರ್ಟಿನವರೆಗೆ ಓಡಿಕೊಂಡೇ ಬಂದಿದ್ದೆ. ಕ್ಲಬ್ಬಿನ ಅಧ್ಯಕ್ಷರ ಅಣ್ಣನ ಮಗಳು ಒಳಗೆ ಬಂದಳು, ನಾನು ಹೊರಗೆ ಬಿದ್ದೆ. ಹದಿನೇಳು ವರ್ಷದಿಂದ ಊರಿಗೆ ಬಂದಾಗಲೆಲ್ಲ ನಿಮ್ಮ ಮನೆಯಲ್ಲಿ ಕಾಫಿ ಕುಡಿದು, ಕೇಳಬೇಕಾದ್ದನ್ನು ಕೇಳದೆ ಎದ್ದು ಬಂದಿದ್ದೇನೆ. ಈಗ ಕೇಳುತ್ತೇನೆ. ನನ್ನ ಮೊಣಕಾಲಿಗೆ ಏನಾಗಿತ್ತು?

ಬಿಂದುಶ್ರೀ


ಸ್ಯಾನ್ ಫ್ರಾನ್ಸಿಸ್ಕೋ
6 ಏಪ್ರಿಲ್ 2025

ಸರ್,

ಉತ್ತರ ಬಂದಿಲ್ಲ. ಬರದಿರುವುದೂ ಒಂದು ಉತ್ತರವೇ ಎಂದುಕೊಳ್ಳುತ್ತೇನೆ. ವಕೀಲರು ನನ್ನ ಫೋನನ್ನು ಪೂರ್ತಿ ಇಟ್ಟುಕೊಂಡಿರುವುದರಿಂದ ಕಾಯುವುದಕ್ಕೆ ಅಂಚೆಯವನೊಬ್ಬನೇ ಗತಿ.

ವಿಚಾರಣೆ ಮುಗಿಯುವವರೆಗೆ ಶೇಷಾದ್ರಿಯವರನ್ನು ಮನೆಗೆ ಕಳಿಸಿದ್ದಾರೆ. ಬ್ಯಾಡ್ಜು ಕೊಟ್ಟು ಹೊರಡುವಾಗ ನನ್ನ ಮೇಜಿನ ಹತ್ತಿರ ನಿಂತರು. "ಆ ಹಾಳೆ ಯಾರದು ಅಂತ ಸರಿಯಾಗಿ ನೋಡಮ್ಮ" ಅಂದರು, ಮಾಮೂಲಿನಂತೆ ಕನ್ನಡದಲ್ಲಿ. ಬೆದರಿಸಿದರು ಎಂದು ಅದನ್ನೂ ವಕೀಲರಿಗೆ ಹೇಳಿದೆ.

ಬ್ರೂಕ್‌ವೆಲ್ ಈಗ ಐವತ್ತೊಂಬತ್ತರಲ್ಲಿದ್ದಾನೆ. ನಾಲ್ಕು ಪಂದ್ಯ ಉಳಿದಿವೆ, ಮತ್ತೆ ಮೊಣಕಾಲು ಅಂತ ಕೂರಿಸಿದ್ದಾರೆ. ಶೇಷಾದ್ರಿ ಹೋದ ಮೇಲೂ ಕೂರಿಸಿದ್ದಾರೆ, ಅದೊಂದು ನನಗೆ ಅರ್ಥವಾಗುತ್ತಿಲ್ಲ. ಆಟಗಾರರ ಸಂಘದವರು ದೂರು ಕೊಟ್ಟಿದ್ದಾರೆ. ಹಾಳೆ ಎಲ್ಲಿಂದ ಹುಟ್ಟಿತು, ಯಾವ ದಿನ ಏನಾಯಿತು ಎಂದು ನಾನು ಬರೆದು ಸಹಿ ಮಾಡಿಕೊಡಬೇಕಂತೆ. ಸಂತೋಷವಾಗಿ ಮಾಡುತ್ತೇನೆ. ನನ್ನ ಕಾಲದಲ್ಲಿ ಹಾಗೆ ಕೇಳುವವರು ಯಾರೂ ಇರಲಿಲ್ಲ.

ಬಿಂದುಶ್ರೀ


ಮಂಡ್ಯ
7 ಏಪ್ರಿಲ್ 2025

ಬಿಂದು,

ನಿನ್ನ ಮಾರ್ಚಿನ ಕಾಗದ ಬಂದು ಐದು ದಿನವಾಯಿತು. ಮೂರು ಸಲ ಫೋನು ಮಾಡಿದೆ, ಬಂದ್ ಇದೆ ಅನ್ನುತ್ತದೆ. ಮೊದಲು ಟೇಪಿನ ವಿಷಯ ಹೇಳಿಬಿಡುತ್ತೇನೆ, ಅದರಲ್ಲಿ ಇನ್ನೊಬ್ಬರ ಅನ್ನ ಇದೆ.

ಲಕೋಟೆ ಹರಿದವನು ನಾನು. ನಿನಗೆ ಎರಡು ಹಾಳೆ ಬರೆದು ಅಂಟಿಸಿದ್ದೆ. ಅಂಚೆ ಕಚೇರಿಯ ಬಾಗಿಲಿನವರೆಗೆ ಹೋದವನು ಧೈರ್ಯ ಸಾಲದೆ ಪಕ್ಕದ ಜೆರಾಕ್ಸ್ ಅಂಗಡಿಗೆ ಬಂದು, ಲಕೋಟೆ ಹರಿದು ಎರಡನೇ ಹಾಳೆ ತೆಗೆದು ಜೇಬಿಗೆ ಹಾಕಿಕೊಂಡೆ. ಮೊದಲ ಹಾಳೆಯ ಕೆಳಗೆ ಅಲ್ಲೇ ಶೇಷಾದ್ರಿಯವರ ಬಗ್ಗೆ ಎರಡು ಸಾಲು ಸೇರಿಸಿ ಸಹಿ ಮಾಡಿದೆ. ಟೇಪು ಹಾಕಿಕೊಟ್ಟವನು ಅಂಗಡಿಯವನು. ವಿಳಾಸದ ತಪ್ಪೂ ನನ್ನದೇ. ನಿನ್ನ ಬರಹ ಇರುವೆ ಸಾಲು, ನನ್ನ ಕನ್ನಡಕ ಹಳೆಯದು. ಲಕೋಟೆಯ ಮೇಲೆ ಕೊಕ್ಕರೆಯ ಪಕ್ಕ ದಪ್ಪಕ್ಷರದಲ್ಲಿ ಅಚ್ಚಾಗಿದ್ದ ವಿಳಾಸ ನೋಡಿ ಬರೆದೆ. ಗುಟ್ಟಿನ ಕಾಗದಕ್ಕೆ ಆಫೀಸಿನ ಲಕೋಟೆ ಬಳಸಿದವಳು ನೀನು, ಅದೂ ಇರಲಿ. ಶೇಷಾದ್ರಿಯವರನ್ನು ಕಾಣದೆಯೇ ನಿನ್ನ ಕಿವಿಯಲ್ಲಿ ಅವರ ಮೇಲೆ ಚಾಡಿ ಊದಿದೆ. ನನ್ನ ಕಡೆಯಿಂದ ನಿನ್ನ ಕಣ್ಣು ತಪ್ಪಿಸಲು ಊದಿದೆ. ವಕೀಲರ ಹತ್ತಿರ ಹೋಗಿಲ್ಲದಿದ್ದರೆ ಹೋಗಬೇಡ. ಹೋಗಿದ್ದರೆ ತಿದ್ದು.

ತೆಗೆದಿಟ್ಟಿದ್ದ ಆ ಹಾಳೆ ಇದರ ಜೊತೆಗಿದೆ. ಒಂದಕ್ಷರ ಬದಲಿಸಿಲ್ಲ.

ಶಿವರಾಮು

(ಜೊತೆಗಿದ್ದ ಹಾಳೆ, 8 ಮಾರ್ಚ್)

ಇಷ್ಟು ಜಬರ್ದಸ್ತು ಮಾಡಿ ಈಗ ನಾನೇ ಹೇಳುತ್ತೇನೆ. ನಿನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ. ಕೋರ್ಟಿನ ಜಾಗ ಅಧ್ಯಕ್ಷರದು. ಅಣ್ಣನ ಮಗಳು ತಂಡದಲ್ಲಿ ಇಲ್ಲದಿದ್ದರೆ ಜನವರಿಯಿಂದ ಗೇಟಿಗೆ ಬೀಗ ಅಂದರು. ಅವಳಿಗೆ ಜಾಗ ಮಾಡಲು ನ್ಯಾಯವಾಗಿ ಹನ್ನೆರಡನೆಯವಳನ್ನು ಬಿಡಬೇಕಿತ್ತು. ಹನ್ನೆರಡನೆಯವಳು ಕೆಂಪಮ್ಮ. ರೈಲ್ವೆ ಕೆಲಸ ತಪ್ಪಿದರೆ ಅವಳಿಗೆ ಬೇರೆ ದಾರಿ ಇರಲಿಲ್ಲ. ನಿನಗೆ ಗಣಿತದಲ್ಲಿ ತೊಂಬತ್ತಾರು. ಇವಳು ಹೇಗಾದರೂ ಬದುಕಿಕೊಳ್ಳುತ್ತಾಳೆ ಅಂತ ಲೆಕ್ಕ ಹಾಕಿದೆ.

ನೀನು ಪಟ್ಟಿಯಲ್ಲಿ ಏಳನೆಯವಳು. ಏಳನೆಯವಳನ್ನು ಬಿಡಲು ಜನಕ್ಕೊಂದು ಕಾರಣ ಬೇಕಿತ್ತು, ಮೊಣಕಾಲು ಅಂತ ಬರೆದೆ. ನಿನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಕೆಂಪಮ್ಮನಿಗಾಗಿ ನೀನೇ ಬಿಟ್ಟುಕೊಡುತ್ತಿದ್ದೆಯೋ ಏನೋ. ಅದು ನನ್ನನ್ನು ಈಗಲೂ ಕೊರೆಯುತ್ತದೆ. ಮೊದಲು ಬರೆದ ಅಸಲು ಪಟ್ಟಿ ನನ್ನ ಟ್ರಂಕಿನಲ್ಲಿದೆ.


ಸ್ಯಾನ್ ಫ್ರಾನ್ಸಿಸ್ಕೋ
20 ಏಪ್ರಿಲ್ 2025

ಸರ್,

ನಿಮ್ಮ ಕಾಗದ ಗುರುವಾರ ಮನೆಗೇ ಬಂತು. ಅಷ್ಟರಲ್ಲಿ ಪಂದ್ಯಗಳು ಮುಗಿದಿದ್ದವು. ಬ್ರೂಕ್‌ವೆಲ್ ಐವತ್ತೊಂಬತ್ತರಲ್ಲೇ ಉಳಿದ.

ಟೇಪಿನ ವಿಷಯ ಓದಿ, ಆಮೇಲೆ ಆ ಹಾಳೆ ಓದಿ, ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷ ನನ್ನನ್ನು ನಾನು ಹದಿಮೂರನೆಯವಳು ಅಂದುಕೊಂಡಿದ್ದೆ, ಸರ್. ಕೊನೆಯಲ್ಲಿ ನೇತಾಡುತ್ತಿದ್ದವಳು, ಅದಕ್ಕೇ ಉದುರಿಸಿದರು ಅಂತ. ಆ ನಾಚಿಕೆಗೆ ಚೆಂಡು ಮುಟ್ಟುವುದನ್ನೇ ಬಿಟ್ಟೆ. ಏಳನೆಯವಳು ಎಂದು ಯಾರಾದರೂ ಹೇಳಿದ್ದರೆ ಆಡುತ್ತಿದ್ದೆ.

ಮಾರನೇ ದಿನ ಆಫೀಸಿನಲ್ಲಿ ಆ ಹಾಳೆಯ ಹಿಂದಿನ ಪ್ರತಿಗಳನ್ನೆಲ್ಲ ಒಂದೊಂದಾಗಿ ತೆರೆದೆ. ಮೊಟ್ಟಮೊದಲ ಪ್ರತಿ ಜನವರಿ ಹದಿಮೂರರದು. ಅದನ್ನು ಮಾಡಿದವರ ಹೆಸರು ಬಿಂದುಶ್ರೀ. ಹೊಸ ವರ್ಷದಲ್ಲಿ ಮೂರು ಹಾಳೆ ಮಾಡಿದ್ದೆ, ಹೀಗಾದರೆ ಏನು, ಹಾಗಾದರೆ ಏನು ಅಂತ. ಮೂರನೆಯದರಲ್ಲಿ ಬ್ರೂಕ್‌ವೆಲ್ ಅರವತ್ತು ಮುಟ್ಟದಿದ್ದರೆ ಎಂದು ಬರೆದು, ಅವನ ಮುಂದೆ ಸೊನ್ನೆ ಇಟ್ಟು, ಆಗ ಗೆರೆಯೊಳಗೆ ಬರುತ್ತೇವೆ ಎಂದು ಹಸಿರು ಬಣ್ಣ ಬಳಿದಿದ್ದೆ. ಆಮೇಲೆ ಮರೆತೂ ಬಿಟ್ಟಿದ್ದೆ. ದಿನಕ್ಕೆ ಹತ್ತು ಜನರ ಮುಂದೆ ಸೊನ್ನೆ ಇಟ್ಟು ನೋಡುವುದು ನನ್ನ ಕಸುಬು.

ನಿನ್ನೆ ಬಾರ್ಟ್ ರೈಲು ಹತ್ತಿ ಕೊನೆಯ ಸ್ಟೇಷನ್ನಿಗೆ, ಪ್ಲೆಸೆಂಟನ್ನಿಗೆ ಹೋದೆ. ಶೇಷಾದ್ರಿಯವರ ಹೆಂಡತಿ ವಸುಧಾ ಬಾಗಿಲು ತೆರೆದರು, ಒಳಗೆ ಬಾ ಅನ್ನಲಿಲ್ಲ. ಶೇಷಾದ್ರಿಯವರೇ ಹೊರಗೆ ಬಂದರು. ಟೇಪು ಹಾಕಿದವರು ಯಾರೆಂದು ಹೇಳಿ ತಪ್ಪಾಯಿತು ಅಂದೆ. ಹಾಳೆಯ ಮೇಲೆ ನಿಮ್ಮ ಇನಿಷಿಯಲ್ಲು ಯಾಕೆ ಅಂತ ಕೇಳಿದೆ.

"ಮೇಲಿನವರಿಗೆ ನಿನ್ನ ಮೂರನೇ ಹಾಳೆ ಇಷ್ಟ ಆಯ್ತು" ಅಂದರು. "ಒಂದಿನ ಇದು ವಕೀಲರ ಕೈಗೆ ಹೋಗುತ್ತೆ ಅಂತ ನಂಗೆ ಗೊತ್ತಿತ್ತು. ನಾನು ಸಿಟಿಜನ್ನು, ನಿನ್ನದು ವೀಸಾ. ಅದಕ್ಕೆ ನನ್ನ ಹೆಸರು ಹಾಕಿ ನಿನ್ನನ್ನ ಆ ಮೀಟಿಂಗುಗಳಿಂದ ಹೊರಗಿಟ್ಟೆ. ನೀನು ಕೇಳಿದ್ದಿದ್ರೆ ಹೇಳ್ತಿದ್ದೆ."

ಹಾಗೆಂದು ಅವರು ಸಾಚಾ ಅಲ್ಲ. ಬ್ರೂಕ್‌ವೆಲ್ಲನ್ನು ಕೂರಿಸಿದಾಗ ಬೇಡ ಅಂತ ತಾವೂ ಹೇಳಲಿಲ್ಲ ಎಂದು ತಾವೇ ಒಪ್ಪಿಕೊಂಡರು. ಹೇಳಿಕೆಯಲ್ಲಿ ಹಾಳೆ ನನ್ನದೆಂದೇ ಬರೆದುಬಿಡು, ಹೇಗೂ ನನ್ನ ಕಥೆ ಮುಗಿದಿದೆ ಅಂದರು. ಅಷ್ಟು ಹೊತ್ತಿಗೆ ವಸುಧಾ ಎರಡು ಲೋಟ ಕಾಫಿ ತಂದು ಮೆಟ್ಟಿಲ ಮೇಲಿಟ್ಟು ಹೋದರು. ನನಗೆ ಕುಡಿಯಲಾಗಲಿಲ್ಲ.

ನಾಳೆ ಸಹಿ ಹಾಕುತ್ತೇನೆ. ಹಾಳೆ ನನ್ನದು, ಸೊನ್ನೆ ನನ್ನದು, ಅದು ನೋವಿಗಿಂತ ಮುಂಚೆ ಹುಟ್ಟಿದ್ದು. ಮೆಟ್ಟಿಲ ಮೇಲೆ ಕಂಡದ್ದನ್ನೂ ಬರೆದಿದ್ದೇನೆ. ಕಾಗದ ತೆರೆದದ್ದೂ ಬೆದರಿಸಿದ್ದೂ ಸುಳ್ಳು ಎಂದು ಬರೆದಿದ್ದೇನೆ. ಬ್ರೂಕ್‌ವೆಲ್‌ಗೆ ಅವನ ಅರವತ್ತರ ಹಣ ಸಿಗುವುದಾದರೆ ಇದರಿಂದಲೇ ಸಿಗಬೇಕು ಅಂತ ಸಂಘದವರು ಹೇಳುತ್ತಾರೆ. ನನ್ನ ಕೆಲಸ ಹೋಗುವುದು ಹೆಚ್ಚುಕಮ್ಮಿ ಖಚಿತ. ಹೋದರೆ ಬೇರೆ ಕೆಲಸ ಹುಡುಕಲು, ಇಲ್ಲವೇ ದೇಶ ಬಿಡಲು ಅರವತ್ತು ದಿನ ಕೊಡುತ್ತಾರೆ. ಇಲ್ಲಿ ಎಲ್ಲದಕ್ಕೂ ಅರವತ್ತೇ. ನನಗೆ ಭಯವಾಗಿದೆ, ಸರ್.

ನಿಮ್ಮನ್ನು ಕ್ಷಮಿಸಿದೆ ಅಂತ ಬರೆಯಲಾರೆ, ಕ್ಷಮಿಸಿಲ್ಲ. ಆದರೆ ನಾನೂ ಒಬ್ಬನ ಹೆಸರಿನ ಮುಂದೆ ಅವನನ್ನು ಕೇಳದೆ ಸೊನ್ನೆ ಬರೆದವಳು. ನೀವು ಒಂದು ಕೆಲಸ ಮಾಡಿ. ಟ್ರಂಕಿನಲ್ಲಿರುವ ಪಟ್ಟಿಯನ್ನು ಅದೇ ಗೋಡೆಗೆ ಅಂಟಿಸಿ, ಕೆಳಗೆ ನಡೆದದ್ದನ್ನು ಬರೆದು ಸಹಿ ಹಾಕಿ. ಇಲ್ಲಿ ನಾನು ಹಾಕುತ್ತಿದ್ದೇನೆ.

ಬಿಂದುಶ್ರೀ


ಮಂಡ್ಯ
4 ಮೇ 2025

ಬಿಂದು,

ಬುಧವಾರ ಅಂಟಿಸಿದೆ. ಈ ಸಲ ಸೈಕಲ್ ಹತ್ತಿ ಹೋಗಲಿಲ್ಲ, ಬೆಂಚಿನ ಮೇಲೆ ಕೂತೇ ಇದ್ದೆ. ಹುಡುಗಿಯರು ಗುಂಪುಗೂಡಿ ಓದಿದರು. ಒಬ್ಬಳು ನನ್ನ ಮುಖ ನೋಡಿದಳು, ನಾನು ತಗ್ಗಿಸಲಿಲ್ಲ.

ಕೆಂಪಮ್ಮ ಕೊನೆಗೆ ಬಂದಳು. ಅವಳಿಗೆ ಮುಂಚೆ ಹೇಳಬೇಕು ಅಂತ ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಿಂತು ಎರಡು ಸಲ ಓದಿದಳು. "ಹನ್ನೆರಡ್ನೇವ್ಳು ನಾನೇ ಅಂತ ನಂಗೊತ್ತಿತ್ತು ಸಾ. ಬಿಂದು ಕಾಲು ನೆಟ್ಟಗೈತೆ ಅಂತ್ಲೂ ಗೊತ್ತಿತ್ತು. ಯಾರೂ ಕೇಳ್ನಿಲ್ಲ, ನಾನೂ ಬಾಯಿ ಬಿಡ್ನಿಲ್ಲ" ಅಂದಳು. ವಿಸಲ್ಲನ್ನು ಕೊರಳಿಂದ ತೆಗೆದು ನನ್ನ ಪಕ್ಕ ಇಟ್ಟು ಹೋದಳು. ಇವತ್ತಿಗೆ ನಾಲ್ಕು ದಿನ, ಕೋರ್ಟಿಗೆ ಬಂದಿಲ್ಲ. ನಾನೇ ಊದುತ್ತಿದ್ದೇನೆ, ಉಸಿರು ಸಾಲುವುದಿಲ್ಲ. ಸಂಜೆ ಅವಳ ಮನೆಗೆ ಹೋಗುತ್ತೇನೆ.

ಪಟ್ಟಿ ಗೋಡೆಯ ಮೇಲೇ ಇದೆ. ಏಳನೆಯದು ನಿನ್ನ ಹೆಸರು. ನಿನ್ನ ಸಹಿ ಏನಾಯಿತು, ಕೆಲಸ ಉಳಿಯಿತೋ ಹೋಯಿತೋ, ಬರೆ.

ವಿಳಾಸವನ್ನು ಭೂತಗನ್ನಡಿ ಹಿಡಿದು ಬರೆದಿದ್ದೇನೆ. ಲಕೋಟೆಗೆ ಟೇಪು ಹಾಕಿಲ್ಲ. ಅಲ್ಲಿಗೆ ಬಂದಾಗ ಟೇಪು ಕಂಡರೆ ನನ್ನನ್ನು ಕೇಳು.

ಶಿವರಾಮು